ಬಿಗಿ ಮಾಡು, ಕೂರುತ್ತೆ

ನಿನ್ನೆಯ ಗ್ರೀಸು ಇನ್ನೂ ಉಗುರಿನ ಸಂದಿಯಿಂದ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ನಾನು ಮಾಡಹೊರಟದ್ದು ಇಷ್ಟೇ: ನನ್ನ ಹಳೆಯ ಚಿಕ್ಕ ಚಕ್ರದ ಸೈಕಲ್ಲಿಗೆ ಹೆಚ್ಚು ಗೇರುಗಳಿರುವ ಹೊಸ ಹಿಂಚಕ್ರ ಹಾಕುವುದು. 1962ರಲ್ಲಿ ಅಲೆಕ್ಸ್ ಮೌಲ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ 16 ಅಂಗುಲದ ಚಕ್ರಗಳಿಗೆ ರಬ್ಬರಿನ ಸಸ್ಪೆನ್ಷನ್ ಕೊಟ್ಟು ಸೈಕಲ್ಲು ಹೊರತಂದ ಮೇಲೆ, ಸಸ್ಪೆನ್ಷನ್ನಿನ ಗೊಡವೆಯೇ ಬೇಡವೆಂದು 20 ಅಂಗುಲದ ಚಕ್ರ ಹಾಕಿ ಮಾರಿದವರು ಹಲವರು. ನನ್ನದು ಆ ಸಂತತಿ.

20 ಅಂಗುಲ ಎಂದರೆ ಒಂದೇ ಅಳತೆ ಎಂದು ನಂಬಿದ್ದು ನನ್ನ ಮೊದಲ ತಪ್ಪು. ಹಳೆಯ ರಿಮ್ಮಿನಲ್ಲಿ ಟಯರು ಕೂರುವ ವ್ಯಾಸ 451 ಮಿಲಿಮೀಟರ್, ಹೊಸದರಲ್ಲಿ 406. ಎರಡರ ಹಣೆಯ ಮೇಲೂ 20 ಎಂದೇ ಬರೆದಿದೆ. ಹೀಗಾಗಿ ಹಳೆಯ ಬ್ರೇಕು ರಿಮ್ಮನ್ನು ಮುಟ್ಟದೆ ಮೇಲೆಯೇ ನಿಂತು ನೋಡುತ್ತದೆ. ಚಕ್ರದ ನಡುವೆ ಕೂರುವ ಹೊಸ ಹಬ್ಬಿನ ಅಗಲ 130 ಮಿಲಿಮೀಟರ್, ಫ್ರೇಮಿನಲ್ಲಿರುವ ಜಾಗ ಸುಮಾರು 115. ಹೊಸ ಗೇರಿಗೆ ತೆಳು ಚೈನು ಬೇಕು, ತೆಳು ಚೈನಿಗೆ ಹಳೆಯ ಹಲ್ಲುಚಕ್ರ ದಪ್ಪ, ಹೊಸ ಹಲ್ಲುಚಕ್ರಕ್ಕೆ ಪೆಡಲು ಹಿಡಿಯುವ ತೋಳು, ಅಂದರೆ ಹೊಸ ಕ್ರ್ಯಾಂಕು, ಕ್ರ್ಯಾಂಕಿಗೆ ಅದು ತಿರುಗುವ ಅಚ್ಚು-ಬೇರಿಂಗು, ಅಂದರೆ ಹೊಸ ಬಾಟಮ್ ಬ್ರಾಕೆಟ್ಟು. ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿ, ಬೆಕ್ಕಿಗಾಗಿ ಹಸು ಕಟ್ಟಿ ಕೊನೆಗೆ ಸಂಸಾರಿಯಾದ ಸನ್ಯಾಸಿಯ ಪಾಡು ನನ್ನದಾಯಿತು.

ಇಷ್ಟು ಹೊತ್ತೂ ನಮ್ಮ ಭಾವ ಪಕ್ಕದಲ್ಲಿದ್ದರು. ಅವರಿಗೆ ಜಗತ್ತಿನ ಯಾವುದೇ ಬಿಡಿಭಾಗದ ವಿಷಯದಲ್ಲಿ ಒಂದೇ ಸಲಹೆಯಿದೆ: “ಸ್ವಲ್ಪ ಬಿಗಿ ಮಾಡು, ಕೂರುತ್ತೆ.” ಹೇಳಿಬಿಟ್ಟು ಅವರು ಕೂರುತ್ತಾರೆ; ಭಾಗ ಮಾತ್ರ ಕೂರುವುದಿಲ್ಲ. ಈಗಿನ ಬ್ರಾಕೆಟ್ಟಿನಲ್ಲಿ ಬೇರಿಂಗು ಹಿಡಿದು ಫ್ರೇಮಿನೊಳಗೆ ತಿರುಗಿ ಕೂರುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಅಂಗುಲಕ್ಕೆ 24 ಥ್ರೆಡ್, ನನ್ನ ಫ್ರೇಮಿಗೆ 26. ಕಪ್ಪು ಮೊದಲ ಸುತ್ತಿಗೆ ಬಂಧುವಿನಂತೆ ಒಳಗೆ ಹೋಯಿತು, ಎರಡನೆಯದಕ್ಕೆ ಮುನಿಸಿಕೊಂಡಿತು. “ಬಿಗಿ ಮಾಡು” ಎಂದರು ಭಾವ. ಮಾಡಿದೆ. ಬಿಡಿಸಲು ಹೋದೆ, ಅದು ಅಲುಗಲಿಲ್ಲ. ನಾನೂ ಸೈಕಲ್ಲೂ ಒಟ್ಟಿಗೆ ತಿರುಗಿ ನೆಲಕ್ಕೆ ಬಿದ್ದೆವು. ಬಿದ್ದವನಿಗೂ ಮೇಲಿನಿಂದ ಅದೇ ಸಲಹೆ ಬಂತು. ಎಡಗಡೆಯ ಕಪ್ಪಿಗೆ ಒಂದು ದಿಕ್ಕು, ಬಲಗಡೆಯದಕ್ಕೆ ಅದರ ವಿರುದ್ಧ ದಿಕ್ಕು ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದರಿಂದ ಅವರಿಗೆ ಸಂಕೋಚವೂ ಇಲ್ಲ.

ಒಂದು ಗಂಟೆಯ ಬಳಿಕ ಕಪ್ಪನ್ನು ಹೇಗೋ ಬಿಡಿಸಿ, ಸುಸ್ತಾಗಿ ಕೂತು ಮೂಲೆಗಿಟ್ಟ ಹಳೆಯ ಚಕ್ರವನ್ನು ತಿರುಗಿಸಿದೆ. ಮೂರು ಗೇರಿನ ಆ ಹಬ್ಬಿನ ಮೇಲೆ ತಯಾರಾದ ಇಸವಿ 71 ಎಂದು ಒತ್ತಿದೆ. ನಾನೂ ಆ ವರ್ಷದವನೇ. ಟಿಕ್ ಟಿಕ್ ಎನ್ನುತ್ತ ಅದು ಬಹಳ ಹೊತ್ತು ತಿರುಗಿತು. ಟಿಕ್ ಎನ್ನುವುದನ್ನು ನನ್ನ ಮಂಡಿಯೂ ಕಲಿತಿದೆ, ಅಷ್ಟು ಸರಾಗವಾಗಿ ತಿರುಗುವುದನ್ನಲ್ಲ. ಇಂಥದ್ದನ್ನು ಯಾಕೆ ಬಿಚ್ಚಿದೆನೋ ಎಂದು ಮನಸ್ಸಿಗೆ ಪಿಚ್ಚೆನಿಸಿತು.

ಎಲ್ಲವನ್ನೂ ಮರಳಿ ಹಾಕಿಬಿಡೋಣವೆಂದರೆ, ಬೆಳಗ್ಗೆ ಸುತ್ತಿಗೆಯಿಂದ ಹೊಡೆದು ತೆಗೆದ ಕಾಟರ್ ಪಿನ್ನಿನ, ಅಂದರೆ ಹಳೆಯ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆಯ, ತುದಿ ಚಪ್ಪಟೆಯಾಗಿ ನಟ್ಟು ಹತ್ತುತ್ತಿಲ್ಲ. ಭಾವ ಬಾಯಿ ತೆರೆಯುವ ಮೊದಲೇ ಸ್ಪ್ಯಾನರನ್ನು ಅವರ ಕೈಗೆ ಕೊಟ್ಟೆ. ಅವರು ಅಂದು ಮೊದಲ ಬಾರಿಗೆ ಎದ್ದು ನಿಂತರು. ಊಟದ ಹೊತ್ತಾಯಿತಂತೆ.