ಸರ್ಚ್ ಇಂಡೆಕ್ಸಿಂಗ್: ಕಚೇರಿಯ ಕಂಪ್ಯೂಟರ್‌ನಲ್ಲಿ ಇರಬೇಕೇ, ಬಂದ್ ಮಾಡಬೇಕೇ?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ‘ಸಿಸ್ಟಮ್ ಸ್ಲೋ ಆಗಿದೆ’ ಎಂದು ಸರ್ವಿಸ್‌ನವರನ್ನು ಕರೆದರೆ ಅವರು ಮೊದಲು ಕೈಹಾಕುವ ಜಾಗಗಳಲ್ಲಿ ವಿಂಡೋಸ್ ಸರ್ಚ್ ಒಂದು. ಹಿನ್ನೆಲೆಯಲ್ಲಿ ಫೈಲುಗಳನ್ನು ಓದುತ್ತಾ, ಅವುಗಳ ಹೆಸರು ಮತ್ತು ಒಳಗಿನ ಪದಗಳ ಪಟ್ಟಿ ಕಟ್ಟಿಡುವುದು ಇದರ ಕೆಲಸ. ಆ ಪಟ್ಟಿಯೇ ಇಂಡೆಕ್ಸ್, ಕಟ್ಟುವ ಕೆಲಸ ಇಂಡೆಕ್ಸಿಂಗ್. ಈ ಸೇವೆಯನ್ನು ಉಳಿಸಿಕೊಳ್ಳಬೇಕೇ, ನಿಲ್ಲಿಸಬೇಕೇ? ಎರಡೂ ಕಡೆಯವರ ವಾದ ಇಲ್ಲಿದೆ.

ಪರ: ಇರಲಿ, ವ್ಯಾಪ್ತಿ ಕತ್ತರಿಸಿ

ಹರಪನಹಳ್ಳಿ ತಾಲ್ಲೂಕಿನ ಒಂದು ಹೊಲದ ಹಳೆಯ ಕ್ರಯಪತ್ರದ ಕರಡು ಬೇಕಾಗಿದೆ ಎನ್ನಿ. ಯಾವ ಫೋಲ್ಡರ್ ತೆರೆಯುತ್ತೀರಿ? 1997ರವರೆಗೆ ಆ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ದಾವಣಗೆರೆ ಹೊಸ ಜಿಲ್ಲೆಯಾದಾಗ ಇಲ್ಲಿಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆವಾರು ಫೋಲ್ಡರ್ ಮಾಡಿಟ್ಟುಕೊಂಡ ವಕೀಲರ ಕಚೇರಿಯಲ್ಲಿ ಒಂದೇ ಊರಿನ ಕಾಗದ ಮೂರು ಕಡೆ ಹಂಚಿಹೋಗಿರುತ್ತದೆ. ಸಾಲದ್ದಕ್ಕೆ ನಿಮಗೆ ನೆನಪಿರುವುದು ಮಾರಿದವರ ಹೆಸರಲ್ಲ, ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಬರುವ ಪಕ್ಕದ ಹೊಲದವರ ಹೆಸರು. ಆ ಹೆಸರನ್ನು ಯಾರೂ ಫೈಲಿನ ಹೆಸರಿನಲ್ಲಿ ಹಾಕಿರುವುದಿಲ್ಲ, ಅದು ಇರುವುದು ಪತ್ರದ ಒಳಗೆ ಮಾತ್ರ. ಇಂಡೆಕ್ಸ್ ಇದ್ದರೆ ಹೆಸರು ಟೈಪ್ ಮಾಡುತ್ತಿರುವಾಗಲೇ ಪತ್ರ ಎದುರಿಗೆ ಬರುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಸಾವಿರಾರು ವರ್ಡ್ ಫೈಲುಗಳನ್ನು ಒಂದೊಂದಾಗಿ ತೆರೆದು ಓದಿಸಬೇಕು.

ಯೂನಿಕೋಡ್ ಕನ್ನಡದಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಕೋಡ್ ಇರುವ ಪದ್ಧತಿಯಲ್ಲಿ ಬರೆದ ಕಾಗದಕ್ಕೆ ಈ ಹುಡುಕಾಟ ಚೆನ್ನಾಗಿ ಒಗ್ಗುತ್ತದೆ. ನಮ್ಮಲ್ಲಿ ವಿಭಕ್ತಿ ಪದದ ಕೊನೆಗೆ ಅಂಟುತ್ತದೆ, ವಿಂಡೋಸ್ ಸರ್ಚ್ ಪದದ ಮೊದಲ ಭಾಗ ಹೊಂದಿದರೆ ಸಾಕು ಎನ್ನುತ್ತದೆ. ‘ಹೊಳಲ್ಕೆರೆ’ ಎಂದು ಕೊಟ್ಟರೆ ‘ಹೊಳಲ್ಕೆರೆಯ’, ‘ಹೊಳಲ್ಕೆರೆಯಲ್ಲಿ’ ಎರಡೂ ಸಿಗುತ್ತವೆ.

ಇನ್ನು ವೇಗದ ಮಾತು. ಇಂಡೆಕ್ಸಿಂಗ್‌ನ ದೊಡ್ಡ ಭಾರ ಬೀಳುವುದು ಮೊದಲ ಸಲ ಪಟ್ಟಿ ಕಟ್ಟುವಾಗ ಮಾತ್ರ. ಆಮೇಲೆ ಬದಲಾದ ಫೈಲನ್ನಷ್ಟೇ ಓದುತ್ತದೆ. ನೀವು ಕೀಬೋರ್ಡ್ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ, ಇಂಡೆಕ್ಸಿಂಗ್ ಆಪ್ಷನ್ಸ್ ಕಿಟಕಿಯಲ್ಲೇ ಆ ಸೂಚನೆ ಕಾಣುತ್ತದೆ. ಹೀಗಿದ್ದೂ ದಿನವಿಡೀ ಡಿಸ್ಕ್ ಕೊರೆಯುತ್ತಿದ್ದರೆ ಅದಕ್ಕೆ ಬೇಡದ್ದನ್ನೆಲ್ಲ ಓದಲು ಬಿಟ್ಟಿದ್ದೇವೆ ಎಂದರ್ಥ. ಮೈಕ್ರೋಸಾಫ್ಟ್ ಹೇಳುವ ಪ್ರಕಾರ 4 ಲಕ್ಷ ಐಟಂ ದಾಟಿದ ಮೇಲೆ ವೇಗ ಕುಸಿಯಲು ಶುರುವಾಗಬಹುದು. ಒಂದು ವಕೀಲರ ಕಚೇರಿಯ ಕೆಲಸದ ಕಾಗದ ಅದರ ಹತ್ತಿರವೂ ಹೋಗುವುದಿಲ್ಲ. ಲೆಕ್ಕ ಏರಿಸುವುದು ಮದುವೆ ಫೋಟೊ, ಹಳೆಯ ಬ್ಯಾಕಪ್, ವಾಟ್ಸ್‌ಆ್ಯಪ್‌ನಿಂದ ಇಳಿದ ಚಿತ್ರಗಳು.

ಆದ್ದರಿಂದ ಮೊದಲು ಅವನ್ನು ಹೊರಗಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆದು ‘ಮಾಡಿಫೈ’ ಒತ್ತಿ. ಯೂಸರ್ಸ್ ಫೋಲ್ಡರ್ ಸಾಮಾನ್ಯವಾಗಿ ಟಿಕ್ ಆಗಿರುತ್ತದೆ, ಅದರೊಳಗೆ ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಟಿಕ್ ತೆಗೆಯಿರಿ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿದ್ದರೆ ಅದನ್ನೂ ತೆಗೆಯಲೇಬೇಕು. ಒಂದೊಂದು ವೋಚರ್ ಸೇವ್ ಆದಾಗಲೂ ಆ ಫೈಲುಗಳು ಬದಲಾಗುತ್ತವೆ, ಇಂಡೆಕ್ಸರ್ ಪ್ರತಿ ಸಲ ಬಾಗಿಲು ಬಡಿಯುತ್ತದೆ, ಒಳಗೆ ಓದಬಲ್ಲ ಪದ ಒಂದೂ ಇರುವುದಿಲ್ಲ. ಬದಲಿಗೆ ಡಿ ಡ್ರೈವ್‌ನಲ್ಲಿರುವ ನಿಮ್ಮ ಕ್ರಯಪತ್ರ, ದಾವೆ, ಪತ್ರವ್ಯವಹಾರದ ಫೋಲ್ಡರ್‌ಗಳನ್ನು ಟಿಕ್ ಮಾಡಿ. ‘ಅಡ್ವಾನ್ಸ್ಡ್’ನಲ್ಲಿ ‘ಫೈಲ್ ಟೈಪ್ಸ್’ಗೆ ಹೋಗಿ ವರ್ಡ್, ಎಕ್ಸೆಲ್, ಪಿಡಿಎಫ್‌ಗೆ ಮಾತ್ರ ಒಳಗಿನ ಪಠ್ಯ ಓದುವ ಆಯ್ಕೆ ಇರಲಿ, ಉಳಿದವಕ್ಕೆ ಪ್ರಾಪರ್ಟೀಸ್ ಸಾಕು. ಕೊನೆಗೆ ಅಲ್ಲೇ ‘ರೀಬಿಲ್ಡ್’ ಒತ್ತಿ ರಾತ್ರಿ ಸಿಸ್ಟಮ್ ಆನ್ ಬಿಡಿ. ಸ್ಲೀಪ್ ಆಗದಂತೆ ಪವರ್ ಸೆಟ್ಟಿಂಗ್ ಬದಲಿಸುವುದನ್ನು ಮರೆತರೆ ಪಟ್ಟಿ ಅರ್ಧಕ್ಕೆ ನಿಂತು, ಬೆಳಿಗ್ಗೆ ಕೆಲಸದ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಸರ್ಚ್ ಬಂದ್ ಮಾಡುವ ಮುನ್ನ ನಿಜವಾದ ಕಳ್ಳ ಯಾರೆಂದು ನೋಡುವುದು ನ್ಯಾಯ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಿಂದ ರಿಸೋರ್ಸ್ ಮಾನಿಟರ್ ತೆರೆದರೆ ಅಲ್ಲಿನ ಡಿಸ್ಕ್ ಪುಟದಲ್ಲಿ ಯಾವ ಪ್ರೋಗ್ರಾಂ ಯಾವ ಫೈಲನ್ನು ಓದುತ್ತಿದೆ ಎಂದು ಹೆಸರು ಸಮೇತ ಕಾಣುತ್ತದೆ. ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್‌ನ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್, ಆಗಾಗ ಬಳಸುವ ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತರುವ ಸಿಸ್‌ಮೈನ್ ಸೇವೆ ಇವೂ ಅಷ್ಟೇ ಜೋರಾಗಿ ಡಿಸ್ಕ್ ಬಳಸುತ್ತವೆ. ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಾ, ಓದುವ ವೇಗ ಸೆಕೆಂಡಿಗೆ ಕೆಲವೇ ನೂರು ಕೆಬಿ ಇದ್ದು, ಪ್ರತಿಕ್ರಿಯೆಯ ಸರಾಸರಿ ಸಮಯ ಸಾವಿರ ಮಿಲಿಸೆಕೆಂಡ್ ದಾಟುತ್ತಿದ್ದರೆ ಹಾರ್ಡ್ ಡಿಸ್ಕೇ ಸಾಯುತ್ತಿರುವ ಅನುಮಾನ ಬಲವಾಗುತ್ತದೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್‌ನಲ್ಲಿ, ಕೆಟ್ಟ ಜಾಗಗಳ ಲೆಕ್ಕ ಹೇಳುವ 05 ಮತ್ತು ಸಿ5 ಸಾಲುಗಳನ್ನು ನೋಡಿ. ಅಲ್ಲಿನ ‘ರಾ ವ್ಯಾಲ್ಯೂಸ್’ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅವತ್ತೇ ಬ್ಯಾಕಪ್ ತೆಗೆಯಬೇಕು. ಅಂಥ ಡಿಸ್ಕ್‌ನಲ್ಲಿ ಇಂಡೆಕ್ಸಿಂಗ್ ನಿಲ್ಲಿಸಿದರೆ ಎರಡು ವಾರ ಹಗುರ ಎನಿಸಬಹುದು, ಆಮೇಲೆ ಕಾಗದವೇ ಹೋಗುತ್ತದೆ. ತಪ್ಪು ಕಡೆ ಬೆರಳು ತೋರಿಸಿದ್ದರ ನಿಜವಾದ ಬೆಲೆ ಇದು.

ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಮೇಲ್‌ಗಳನ್ನು ಕೂಡಿಡುವ ಪಿಎಸ್‌ಟಿ ಫೈಲ್ ಇಟ್ಟುಕೊಂಡು ಮೇಲ್ ಹುಡುಕುವವರಿಗೆ ಇನ್ನೊಂದು ಮಾತು: ಆ ಹುಡುಕಾಟ ನಿಂತಿರುವುದೂ ಇದೇ ಸೇವೆಯ ಮೇಲೆ. ಮೇನ್ ಸಿಸ್ಟಮ್‌ನ ಶೇರ್ಡ್ ಫೋಲ್ಡರ್ ಇಂಡೆಕ್ಸ್ ಆಗಿದ್ದರೆ ಲ್ಯಾನ್‌ನಲ್ಲಿರುವ ಉಳಿದ ಸಿಸ್ಟಮ್‌ಗಳೂ ಅದರ ಪಟ್ಟಿಯನ್ನೇ ಕೇಳುತ್ತವೆ, ಇಡೀ ಫೋಲ್ಡರನ್ನು ತಂತಿಯ ಮೇಲೆ ಎಳೆದು ಓದುವುದಿಲ್ಲ. ಒಂದು ಕಡೆ ಖರ್ಚು, ನಾಲ್ಕು ಕಡೆ ಉಪಯೋಗ. ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿದ ಸಿಸ್ಟಮ್‌ನಲ್ಲಂತೂ ಇದನ್ನು ನಿಲ್ಲಿಸಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ವಿರೋಧ: ನಮ್ಮ ಫೈಲುಗಳಿಗೆ ಇದರಿಂದ ಸಿಗುವುದು ಕಡಿಮೆ

ಎಲ್ಲ ಕಾಗದ ಯೂನಿಕೋಡ್‌ನಲ್ಲಿದೆ, ಎಲ್ಲ ಸಿಸ್ಟಮ್‌ನಲ್ಲಿ ಎಸ್‌ಎಸ್‌ಡಿ ಇದೆ ಎಂದುಕೊಂಡರೆ ಮೇಲಿನ ವಾದ ಸರಿ. ಮಂಡಿಪೇಟೆಯ ದಲ್ಲಾಳಿ ಅಂಗಡಿಗಳಲ್ಲಿ, ಕೋರ್ಟಿನ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ, ಡಿಟಿಪಿ ಸೆಂಟರ್‌ಗಳಲ್ಲಿ ಪರಿಸ್ಥಿತಿ ಹಾಗಿಲ್ಲ. ಅಲ್ಲಿ ವರ್ಷಗಳಿಂದ ಕೂಡಿಟ್ಟ ಕಾಗದದ ಬಹುಪಾಲು ಹಳೆಯ ನುಡಿ ಫಾಂಟ್‌ನಲ್ಲಿದೆ.

ಆ ಫಾಂಟ್‌ನಲ್ಲಿ ಬರೆದ ‘ಕನ್ನಡ’ ಎಂಬ ಪದ ಫೈಲಿನೊಳಗೆ ಹೇಗಿರುತ್ತದೆ ನೋಡಿ. ಮೊದಲು ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಎಡಕ್ಕೆ ವಾಲಿದ ಗೀಟಿರುವ ದೊಡ್ಡ ಎ, ಆಮೇಲೆ ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಒತ್ತಕ್ಷರಕ್ಕೆ ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೆ ಸಣ್ಣ ಕ್ಯೂ ಮತ್ತು ಇನ್ನೊಂದು ಗೀಟಿನ ಎ. ಫಾಂಟ್ ಮೇಲೆ ಕನ್ನಡ ತೋರಿಸುತ್ತದೆ, ಇಂಡೆಕ್ಸರ್ ಕೆಳಗಿರುವುದನ್ನು ಓದುತ್ತದೆ. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದು ಹುಡುಕಿದರೆ ಇದು ಎಂದೂ ಸಿಗದು. ಸರಿ, ಹುಡುಕುವ ಜಾಗದಲ್ಲೂ ನುಡಿಯ ಹಳೆಯ ಕೋಡ್‌ನಲ್ಲೇ ಟೈಪ್ ಮಾಡೋಣ ಎಂದರೆ ‘ನ’ ಅಕ್ಷರ ಬಂದಲ್ಲೆಲ್ಲ ಪೌಂಡ್ ಚಿಹ್ನೆ ಅಡ್ಡ ಕೂತಿರುತ್ತದೆ, ಅದು ಇಂಗ್ಲಿಷ್ ಪದದ ಅಕ್ಷರವಲ್ಲ. ಅಷ್ಟೇ ಅಲ್ಲ, ಸ್ವರದ ಮೇಲಿನ ಗೀಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆಯೇ ವಿಂಡೋಸ್ ಬಂದಿರುತ್ತದೆ. ನುಡಿಯಲ್ಲಿ ‘ಕ’ ಮತ್ತು ‘ಕಾ’ ನಡುವಿನ ವ್ಯತ್ಯಾಸ ಆ ಗೀಟು ಎಡಕ್ಕೆ ವಾಲಿದೆಯೋ ಬಲಕ್ಕೋ ಎಂಬುದು ಮಾತ್ರ! ಇಂಡೆಕ್ಸ್‌ಗೆ ಎರಡೂ ಒಂದೇ. ‘ಅಡ್ವಾನ್ಸ್ಡ್’ ಪುಟದಲ್ಲಿ ಇದನ್ನು ಬೇರೆ ಬೇರೆ ಪದವೆಂದು ಎಣಿಸುವ ಟಿಕ್ ಇದೆ, ಹಾಕಿದರೆ ಪಟ್ಟಿ ಮೊದಲಿನಿಂದ ಕಟ್ಟಬೇಕು, ಪೌಂಡ್ ಚಿಹ್ನೆ ಆಗಲೂ ಅಲ್ಲೇ ಇರುತ್ತದೆ. ಮೊದಲು ಆ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿಲ್ಲವೇ ಎಂದು ಓದಿ ನೋಡಿ. ಆ ಕೆಲಸ ಆಗುವವರೆಗೆ ಇಂಡೆಕ್ಸ್ ಕಟ್ಟುವುದು ಡಿಸ್ಕ್ ಸವೆಸುವುದಕ್ಕಷ್ಟೇ.

ಸ್ಕ್ಯಾನ್ ಮಾಡಿದ ಪಹಣಿ, ಋಣಭಾರ ಪತ್ರ, ಹಳೆಯ ನೋಂದಣಿ ಪ್ರತಿ ಇವೆಲ್ಲ ಪಿಡಿಎಫ್ ಎಂದು ಕಂಡರೂ ಒಳಗಿರುವುದು ಚಿತ್ರ, ಓದಲು ಅಕ್ಷರವೇ ಇಲ್ಲ. ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲುಗಳ ಒಳಗನ್ನು ಓದುವ ಫಿಲ್ಟರ್ ವಿಂಡೋಸ್ ಜೊತೆ ಬರುವುದಿಲ್ಲ. ಅಲ್ಲಿಗೆ ಒಳಗಿನ ಪಠ್ಯ ಸಿಗುವ ಫೈಲು ಎಷ್ಟು ಉಳಿದವು?

ಖರ್ಚಿನ ಕಡೆ ನೋಡಿ. 7200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್. ಹೆಡ್ ಸರಿಯಲು ಇನ್ನೊಂದು 8–9 ಸೇರಿಸಿ. ಚದುರಿದ ಸಣ್ಣ ಓದುಗಳನ್ನು ಇಂಥ ಡಿಸ್ಕ್ ಸೆಕೆಂಡಿಗೆ 75–80ಕ್ಕಿಂತ ಹೆಚ್ಚು ಮಾಡಲಾರದು. ಇಂಡೆಕ್ಸರ್‌ನ ಸ್ವಭಾವವೇ ಸಣ್ಣ ಸಣ್ಣ ಫೈಲು ಓದಿ, ಇನ್ನೊಂದು ಮೂಲೆಯಲ್ಲಿರುವ ತನ್ನ ಡೇಟಾಬೇಸ್‌ಗೆ ಬರೆಯುವುದು. 5400 ಆರ್‌ಪಿಎಂ ಲ್ಯಾಪ್‌ಟಾಪ್ ಡಿಸ್ಕ್‌ನಲ್ಲಿ ಇನ್ನೂ ಕಡಿಮೆ. 4 ಜಿಬಿ ರ‍್ಯಾಮ್ ಇದ್ದು, ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಪೇಜ್ ಫೈಲ್ ಕೂಡ ಅದೇ ಡಿಸ್ಕ್‌ನಲ್ಲಿದ್ದರೆ ಕ್ರೋಮ್ ತೆರೆದ ಕೂಡಲೇ ಎಲ್ಲ ಹ್ಯಾಂಗ್.

‘ಕೀಬೋರ್ಡ್ ಮುಟ್ಟಿದರೆ ನಿಧಾನವಾಗುತ್ತದೆ’ ಎಂಬ ಮಾತಿಗೆ ಒಂದು ದೊಡ್ಡ ತೂತಿದೆ. ಟ್ಯಾಲಿ ಡೇಟಾ ಇರುವ ಮೇನ್ ಸಿಸ್ಟಮ್ ಮುಂದೆ ಎಷ್ಟೋ ಅಂಗಡಿಗಳಲ್ಲಿ ಯಾರೂ ಕೂರುವುದಿಲ್ಲ. ಉಳಿದ ಎರಡು ಮೂರು ಸಿಸ್ಟಮ್‌ನವರು ಲ್ಯಾನ್‌ನಲ್ಲಿ ಬಿಲ್ ಹೊಡೆಯುತ್ತಿರುತ್ತಾರೆ. ಇಲ್ಲಿ ಮೌಸ್ ಅಲುಗದು, ಕೀ ಬೀಳದು. ಡಿಸ್ಕ್ ಭಾರ ವಿಪರೀತವಾದಾಗಲೂ ಇಂಡೆಕ್ಸರ್ ತನ್ನ ಕೆಲಸ ನಿಧಾನ ಮಾಡುತ್ತದೆ, ಆದರೆ ವೋಚರ್ ಸೇವ್ ಆಗುವುದು ಅಂಥ ಭಾರವೇ ಅಲ್ಲ. ಹಾಗಾಗಿ ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿ ಸಾಲು ನಿಂತಿರುವಾಗಲೂ ಆ ಸಿಸ್ಟಮ್ ಖಾಲಿ ಕೂತಿದೆ ಎಂದು ಅದು ತಿಳಿಯಬಹುದು.

ಕರೆಂಟ್ ವಿಷಯ ಬೇರೆ. ಯುಪಿಎಸ್ ಬ್ಯಾಟರಿ ಸತ್ತ ಸಿಸ್ಟಮ್ ಪಟ್ ಎಂದು ಆರಿದಾಗ ಇಂಡೆಕ್ಸ್ ಡೇಟಾಬೇಸ್‌ಗೆ ಪೆಟ್ಟಾದರೆ ಪಟ್ಟಿ ಮೊದಲಿನಿಂದ ಶುರು. ಒಂದೇ ಸಲದ ಖರ್ಚು ಎಂದದ್ದು ಹೀಗೆ ಮತ್ತೆ ಮತ್ತೆ ಬರುತ್ತದೆ.

ಜನ ಬಂದು ಹೋಗುವ ಸೈಬರ್ ಸೆಂಟರ್‌ಗಳಿಗೆ ನನ್ನ ಮಾತು ಇನ್ನೂ ಗಟ್ಟಿ. ಡೌನ್‌ಲೋಡ್ಸ್‌ನಲ್ಲಿ ಉಳಿದ ಯಾರದೋ ಆಧಾರ್ ಪಿಡಿಎಫ್, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಒಳಗಿನ ಹೆಸರು ಮುಂದಿನ ಗಿರಾಕಿ ಸ್ಟಾರ್ಟ್ ಮೆನುವಿನಲ್ಲಿ ನಾಲ್ಕಕ್ಷರ ಹೊಡೆದರೆ ಮೇಲೆ ಬರಬಾರದು.

ನಿಲ್ಲಿಸುವುದು ಹೀಗೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ವಿಸಸ್.ಎಂಎಸ್‌ಸಿ ತೆರೆದು, ವಿಂಡೋಸ್ ಸರ್ಚ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ ‘ಡಿಸೇಬಲ್ಡ್’ ಮಾಡಿ, ‘ಸ್ಟಾಪ್’ ಒತ್ತಿ. ಬರೀ ಸ್ಟಾಪ್ ಮಾಡಿದರೆ ಮುಂದಿನ ಸಲ ಆನ್ ಮಾಡಿದಾಗ ತಾನೇ ಎದ್ದು ಬರುತ್ತದೆ. ಇಷ್ಟು ಸಾಕು. ಡ್ರೈವ್‌ನ ಪ್ರಾಪರ್ಟೀಸ್‌ಗೆ ಹೋಗಿ, ಫೈಲುಗಳ ಒಳಗನ್ನು ಇಂಡೆಕ್ಸ್ ಮಾಡಲು ಬಿಡುವ ಟಿಕ್ ತೆಗೆಯಲು ಹೋಗಬೇಡಿ. ಅದು ಡ್ರೈವ್‌ನ ಒಂದೊಂದು ಫೈಲಿನ ಗುರುತನ್ನೂ ಬದಲಿಸುತ್ತಾ ಹೋಗುತ್ತದೆ, ಹಾರ್ಡ್ ಡಿಸ್ಕ್‌ನಲ್ಲಿ ಬಹಳ ಹೊತ್ತು ಹಿಡಿಯುತ್ತದೆ, ಸಿ ಡ್ರೈವ್‌ನಲ್ಲಿ ನಡುನಡುವೆ ಅನುಮತಿ ಇಲ್ಲವೆಂದು ನಿಲ್ಲುತ್ತದೆ.

ಬದಲಿಗೆ ‘ಎವ್ರಿಥಿಂಗ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಫೈಲುಗಳನ್ನು ತೆರೆಯುವುದೇ ಇಲ್ಲ, ಎನ್‌ಟಿಎಫ್‌ಎಸ್ (ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್) ಡ್ರೈವ್ ತಾನೇ ಇಟ್ಟುಕೊಂಡಿರುವ ಫೈಲ್ ಪಟ್ಟಿಯನ್ನು ನೇರ ಓದುತ್ತದೆ. ಅದರ ತಯಾರಕರ ಲೆಕ್ಕದಂತೆ 10 ಲಕ್ಷ ಫೈಲುಗಳಿಗೂ ಸುಮಾರು 75 ಎಂಬಿ ರ‍್ಯಾಮ್ ಸಾಕು. ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ನಲ್ಲಿ ಈ ಉಪಾಯ ನಡೆಯದು, ಫೋಲ್ಡರ್ ಸೇರಿಸಿ ಸ್ಕ್ಯಾನ್ ಮಾಡಿಸಬೇಕು.

ಇದಕ್ಕೆ ಬೇಕಾದ ಶಿಸ್ತು ಫೈಲಿನ ಹೆಸರಿನಲ್ಲಿದೆ. ಮೊದಲು ವರ್ಷ-ತಿಂಗಳು-ದಿನ, ಆಮೇಲೆ ಊರು, ಸರ್ವೆ ನಂಬರ್, ಪತ್ರದ ಬಗೆ, ಕೊಡುವವರ ಹೆಸರು: ‘2024-03-11 ಹೊಳಲ್ಕೆರೆ ಸನಂ 45-2 ಕ್ರಯ’ ಎಂಬಂತೆ, ಕೊನೆಗೆ ಹೆಸರು. ಸರ್ವೆ ನಂಬರಿನ ಓರೆ ಗೆರೆಯನ್ನು ವಿಂಡೋಸ್ ಫೈಲ್ ಹೆಸರಿನಲ್ಲಿ ಒಪ್ಪುವುದಿಲ್ಲ, ಅಡ್ಡ ಗೆರೆ ಹಾಕಿ, ಒಬ್ಬರು ಒಂದು ಥರ ಇನ್ನೊಬ್ಬರು ಇನ್ನೊಂದು ಥರ ಬರೆಯದಂತೆ ನೋಡಿಕೊಳ್ಳಿ. ಜಿಲ್ಲೆಯ ಹೆಸರು ಹಾಕಲೇಬೇಡಿ. ಹರಪನಹಳ್ಳಿಯ ತೊಡಕು ಅಲ್ಲಿಗೆ ತೀರುತ್ತದೆ. ಸ್ಕ್ಯಾನ್ ಪ್ರತಿಗೂ, ಪೇಜ್‌ಮೇಕರ್‌ಗೂ, ನುಡಿ ಫೈಲಿಗೂ ಇದು ಒಂದೇ ಥರ ಕೆಲಸ ಮಾಡುತ್ತದೆ. ಚೆಕ್ಕುಬಂದಿಯಲ್ಲಿನ ಪಕ್ಕದ ಹೊಲದವರ ಹೆಸರು ಮಾತ್ರ ಹೀಗೆ ಸಿಗುವುದಿಲ್ಲ, ಒಪ್ಪುತ್ತೇನೆ. ಅಂಥ ಹುಡುಕಾಟ ದಿನಾ ಬರುವ ಕಚೇರಿ ಮೊದಲು ಎಸ್‌ಎಸ್‌ಡಿ ಹಾಕಿಸಲಿ, ನುಡಿ ಫೈಲುಗಳನ್ನು ಯೂನಿಕೋಡ್ ಮಾಡಿಸಲಿ, ಆಮೇಲೆ ಆ ಒಂದು ಫೋಲ್ಡರ್‌ಗೆ ಮಾತ್ರ ಇಂಡೆಕ್ಸ್ ಆನ್ ಮಾಡಲಿ.