ಯಾವುದಕ್ಕೆ ಹೋಲಿಸಿ ಸ್ಟೇಬಲ್?

ಹೋದ ತಿಂಗಳು ಅವ್ವನನ್ನು ಕಿಡ್ನಿ ಡಾಕ್ಟರಿಗೆ ತೋರಿಸಲು ಕಲಬುರಗಿಯಿಂದ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಸೀರೆ ಅಂಗಡಿಯ ಕ್ಯಾರಿಬ್ಯಾಗಿನ ತುಂಬ ಮೂರು ವರ್ಷದ ಕಾಗದ. ಡಾಕ್ಟರು ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು, ಕಿಡ್ನಿ ಯಾವಾಗಿನಿಂದ ಇಳೀತಾ ಬಂತು ಅಂತ. ಅಷ್ಟು ಕಾಗದ ಇದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮೂರಲ್ಲಿ ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ. ನೀಟಾದ ಪ್ರಿಂಟ್ ಕೊಡುತ್ತಾರೆ. ರೈಲಿನಲ್ಲಿ ಕೂತು ಏಳು ಭೇಟಿಯ ಪ್ರಿಂಟ್ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಏಳರಲ್ಲೂ ಅದೇ ಸಾಲು: ಶುಗರ್, ಬಿಪಿ ಇದೆ, ಕಿಡ್ನಿ ನಾರ್ಮಲ್, ಸ್ಟೇಬಲ್, ಅದೇ ಮಾತ್ರೆ. ಏಳರಲ್ಲೂ ಅದೇ ಸ್ಪೆಲಿಂಗ್ ತಪ್ಪು! ಹಿಂದಿನ ಸಲದ್ದನ್ನು ಕಾಪಿ ಮಾಡಿ ಅಂಟಿಸಿದ್ದು, ಅಷ್ಟೇ.

ಸೊಲ್ಲಾಪುರದ ಡಾಕ್ಟರು ಲ್ಯಾಬ್ ಚೀಟಿಗಳನ್ನು ಹುಡುಕಿ, ಒಂದರ ಹಿಂದೆ ಪೆನ್ನಿನಲ್ಲಿ ಬರೆದರು. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ, ಕಿಡ್ನಿ ಸೋತಂತೆ ಏರುತ್ತದೆ) 0.9, ಆಮೇಲೆ 1.1, ಈಗ 1.4. ಚೀಟಿಯಲ್ಲಿ 1.2ರವರೆಗೂ ನಾರ್ಮಲ್ ಅಂತಲೇ ಇದೆ. ಆದರೆ ವಯಸ್ಸು, ಹೆಣ್ಣೋ ಗಂಡೋ ಎರಡನ್ನೂ ಸೇರಿಸಿ, ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಅನ್ನೋ ಅಂದಾಜು ಅಂಕಿ, ಅಂದರೆ ಇಜಿಎಫ್‌ಆರ್ ಲೆಕ್ಕ ಹಾಕಿದರೆ ಅದೇ ಅಂಕಿಗಳು ಸುಮಾರು 73, 57, 42 ಆಗುತ್ತವೆ. 60ರ ಕೆಳಗೆ ಮೂರು ತಿಂಗಳು ನಿಂತರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಅಂದರೆ 'ನಾರ್ಮಲ್' ಎಂದು ಬರೆದಾಗಲೇ ಅವ್ವನ ಕಿಡ್ನಿ ಆ ಗೆರೆ ದಾಟಿತ್ತು. ಇದೇ 1.4 ಇಪ್ಪತ್ತೈದರ ಹುಡುಗನಿಗೆ ಬಂದಿದ್ದರೆ ಇಜಿಎಫ್‌ಆರ್ 70ರ ಮೇಲೇ ಇರುತ್ತಿತ್ತು. ಒಂಟಿ ಅಂಕಿ ನೋಡಿದರೆ ಏನೂ ಗೊತ್ತಾಗೋದಿಲ್ಲ ನೋಡಿ.

ಕಾಯಿಲೆ ಮುಂದಕ್ಕೆ ಹೋಗಿದೆ ಅನ್ನೋಕೆ ಡಾಕ್ಟರುಗಳು ಆಗಲೇ ಅಳತೆ ಮಾಡಿಟ್ಟಿದ್ದಾರೆ. ಕಿಡ್ನಿಯಲ್ಲಾದರೆ ಆ ಅಂಕಿಯ ಮೇಲೆ ಮಾಡಿಟ್ಟ ಹಂತಗಳಲ್ಲಿ ಒಂದು ಹಂತ ಕೆಳಗಿಳಿದು, ಜೊತೆಗೆ ಇಜಿಎಫ್‌ಆರ್ ಶೇ 25ರಷ್ಟಾದರೂ ಕುಸಿದಿರಬೇಕು. ಕ್ಯಾನ್ಸರ್ ಗಡ್ಡೆಗೆ ರೆಸಿಸ್ಟ್ ಅನ್ನೋ ನಿಯಮ ಇದೆ. ಗಡ್ಡೆಗಳ ಅಳತೆಯ ಮೊತ್ತ, ಅದುವರೆಗಿನ ಅತಿ ಚಿಕ್ಕ ಮೊತ್ತಕ್ಕಿಂತ ಶೇ 20ರಷ್ಟು ಮತ್ತು ಕನಿಷ್ಠ 5 ಮಿಲಿಮೀಟರ್ ಬೆಳೆದಿರಬೇಕು. ಎರಡರಲ್ಲೂ ಹಿಂದಿನದು ಇಲ್ಲದೆ ಇಂದಿನದಕ್ಕೆ ಅರ್ಥ ಇಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಮಾತ್ರ 'ಸ್ಟೇಬಲ್' ಅಂತ ಟೈಪ್ ಮಾಡೋಕೆ ಖಾಲಿ ಜಾಗ ಇರುತ್ತದೆ. ಯಾವ ದಿನಕ್ಕೆ ಹೋಲಿಸಿ, ಯಾವ ಅಳತೆಯಲ್ಲಿ ಅಂತ ಅದು ಕೇಳೋದೇ ಇಲ್ಲ.

ನಿಯಮ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರ 2013ರಲ್ಲೇ ಇಲೆಕ್ಟ್ರಾನಿಕ್ ದಾಖಲೆಯ ಮಾನದಂಡ ತಂದು, 2016ರಲ್ಲಿ ಪರಿಷ್ಕರಿಸಿತು. ಎಲ್ಲ ಆಸ್ಪತ್ರೆಯಲ್ಲೂ ಒಂದೇ ಅರ್ಥ ಬರೋ ಹಾಗೆ ಕಾಯಿಲೆಗಳಿಗೆ ಸ್ನೋಮೆಡ್ ಕೋಡ್, ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್ ಕೋಡ್ ಬಳಸಿ ಅಂತ ಅದರಲ್ಲಿದೆ. ಅವ್ವನಿಗೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರೂ ಇದೆ. ಆದರೆ ಆ ನಂಬರಿಗೆ ಲ್ಯಾಬ್ ಚೀಟಿಯ ಫೋಟೋ ಅಂಟಿಸಿದರೆ ಅದು ಕ್ಯಾರಿಬ್ಯಾಗಿನ ಬದಲು ಫೋನಿನಲ್ಲಿ ಕೂರುತ್ತದೆ, ಅಷ್ಟೇ ವ್ಯತ್ಯಾಸ. ಫೋಟೋದಿಂದ ಏರಿಳಿತದ ಗ್ರಾಫ್ ಎಳೆಯೋಕಾಗಲ್ಲ.

ಡಾಕ್ಟರುಗಳು ಇನ್ನೂ ಜಾಸ್ತಿ ಬರೆಯಲಿ ಅಂತ ನಾನು ಹೇಳುತ್ತಿಲ್ಲ. ಹೊರಗೆ ಅರವತ್ತು ಜನ ಕೂತಿರುವಾಗ ಕಾಪಿ ಮಾಡದೆ ಅವರಾದರೂ ಏನು ಮಾಡಬೇಕು? ಲೆಕ್ಕ ಕಂಪ್ಯೂಟರ್ ಹಾಕಲಿ. ಇವತ್ತಿನ ಇಜಿಎಫ್‌ಆರ್, ಹಂತ, ಹಿಂದಿನ ಸಲದ್ದು, ತಾರೀಖು ಸಮೇತ ತಾನೇ ತೋರಿಸಲಿ. ಡಾಕ್ಟರು ಒಪ್ಪಿದರೆ ಒಂದು ಕ್ಲಿಕ್. ಕಲಬುರಗಿ, ಬೀದರ್, ಸೊಲ್ಲಾಪುರ, ಹೈದರಾಬಾದ್ ಎಲ್ಲಾದರೂ ತೋರಿಸಲಿ, ಅದೇ ಹೆಸರಲ್ಲಿ, ಅದೇ ಅಳತೆಯಲ್ಲಿ ಇರಲಿ. ನಮ್ಮ ಭಾಗದವರು ಒಂದೇ ಕಾಯಿಲೆಗೆ ಮೂರು ರಾಜ್ಯ ಸುತ್ತುವವರು ಅಲ್ವಾ?

ಮೊನ್ನೆ ಮತ್ತೆ ನಮ್ಮೂರಿನ ಆಸ್ಪತ್ರೆಗೆ ಹೋಗಿದ್ದೆವು. ಪ್ರಿಂಟಿನಲ್ಲಿ ಮತ್ತೆ 'ಸ್ಟೇಬಲ್'. "ಯಾವುದಕ್ಕೆ ಹೋಲಿಸಿ ರೀ ಡಾಕ್ಟರ್?" ಅಂತ ಕೇಳಿದೆ. ಪಾಪ, ಬೇಜಾರು ಮಾಡಿಕೊಳ್ಳದೆ ಮಾನಿಟರ್ ನನ್ನ ಕಡೆ ತಿರುಗಿಸಿದರು. ಲ್ಯಾಬಿನ ಹಳೇ ರಿಪೋರ್ಟ್ ತೆರೆಯೋಕೆ ಬೇರೆ ಪಾಸ್‌ವರ್ಡ್ ಬೇಕಂತೆ, ಅದು ಗೊತ್ತಿರುವವರು ರಜೆಯಲ್ಲಿದ್ದಾರಂತೆ. ಅವ್ವ ಕ್ಯಾರಿಬ್ಯಾಗ್ ಎತ್ತಿ ಟೇಬಲ್ ಮೇಲಿಟ್ಟು, "ಇದರಾಗ ಅದಾವ ನೋಡ್ರಿ" ಅಂದಳು.