ಬಿಡುಗಡೆ ಸಿಕ್ಕಿತು, ಜಮೀನು ಸಿಗಲಿಲ್ಲ

ಬರ್ಮಿಂಗ್‌ಹ್ಯಾಮ್ ಅಂದರೆ ನಮ್ಮವರಿಗೆ ಇಂಗ್ಲೆಂಡಿನ ಊರೇ ನೆನಪಾಗುತ್ತದೆ. ನಾನಿರುವುದು ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ, ಅಲಬಾಮಾ ರಾಜ್ಯದಲ್ಲಿ. ಈ ಊರಿನ ಬಗ್ಗೆ ಹೊಸಬರಿಗೆ ಹೇಳುವ ಕಥೆ ಒಂದೇ. ಗುಲಾಮಗಿರಿಯ ಪ್ರಶ್ನೆಗೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಸೋತು ಸುಣ್ಣವಾಗಿದ್ದವು. 1871ರಲ್ಲಿ, ರೈಲು ಹಳಿಗಳು ಕೂಡುವ ಜಾಗ ನೋಡಿ, ಹೊಲಗಳ ನಡುವೆ ಈ ಊರು ಕಟ್ಟಿದರು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಆಸುಪಾಸಿನಲ್ಲೇ ಸಿಕ್ಕವು. 1880ರಲ್ಲಿ ಸುಮಾರು 3 ಸಾವಿರ ಜನರಿದ್ದ ಊರು 1910ಕ್ಕೆ 1.3 ಲಕ್ಷ ದಾಟಿತು. ಅದಕ್ಕೇ ಇದನ್ನು ‘ಮ್ಯಾಜಿಕ್ ಸಿಟಿ’ ಅಂತ ಕರೆಯುತ್ತಾರೆ.

ಕಥೆ ಸುಳ್ಳಲ್ಲ. ಆದರೆ ಆ ಕಲ್ಲಿದ್ದಲು ಅಗೆದವರು ಯಾರು ಅಂತ ಅದರಲ್ಲಿ ಬರುವುದಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಎಷ್ಟು ಬೇಗ ಬೆಳೆಯಿತು, 1900ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಟನ್ ಉಕ್ಕು ಹೇಗೆ ತೆಗೆಯಿತು ಅಂತ ನಮ್ಮ ಕಡೆಯವರೂ ಮೆಚ್ಚಿ ಮಾತಾಡುತ್ತಾರೆ. ನನಗೆ ಆ ಲೆಕ್ಕಕ್ಕಿಂತ ಜಾಸ್ತಿ ಕಾಡುವುದು ಜಮೀನಿನ ಪ್ರಶ್ನೆ.

1865ರಲ್ಲಿ ಸುಮಾರು 40 ಲಕ್ಷ ಜನ ಗುಲಾಮಗಿರಿಯಿಂದ ಬಿಡುಗಡೆಯಾದರು. ಅವರ ಕೈಯಲ್ಲಿ ಏನಿತ್ತು? ಕೆಲಸ ಗೊತ್ತಿತ್ತು, ಅಷ್ಟೇ. ಆ ವರ್ಷದ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ಒಂದು ಆದೇಶ ಹೊರಡಿಸಿದ. ಸೌತ್ ಕ್ಯಾರೊಲೈನಾ, ಜಾರ್ಜಿಯಾ, ಫ್ಲೋರಿಡಾ ಕರಾವಳಿಯಲ್ಲಿ ಧಣಿಗಳು ಬಿಟ್ಟು ಓಡಿದ್ದ ಜಮೀನನ್ನು 40 ಎಕರೆವರೆಗಿನ ತುಂಡುಗಳಾಗಿ ಈ ಕುಟುಂಬಗಳಿಗೆ ಹಂಚುವ ಆದೇಶ ಅದು. ಕೆಲವೇ ತಿಂಗಳಲ್ಲಿ ಸುಮಾರು 40 ಸಾವಿರ ಜನ ಅಲ್ಲಿ ನೆಲೆಯಾಗಿ ಉಳುಮೆ ಶುರುಮಾಡಿದರು. ಅಷ್ಟರಲ್ಲಿ ಲಿಂಕನ್ ಕೊಲೆಯಾಯಿತು. ಆಮೇಲೆ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೇ ಧಣಿಗಳಿಗೆ ಕ್ಷಮೆ ಕೊಟ್ಟು, ಅದೇ ವರ್ಷ ಆ ಜಮೀನನ್ನು ಅವರಿಗೇ ವಾಪಸ್ ಕೊಡಿಸತೊಡಗಿದ.

ದೇಶದಲ್ಲಿ ಜಮೀನಿಗೆ ಬರವಿತ್ತಾ? ಇರಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಪಶ್ಚಿಮಕ್ಕೆ ಹೋದವರಿಗೆ 160 ಎಕರೆ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತಿತ್ತು. ಅಲ್ಲಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ಕೊಟ್ಟ ನೆಲ ಅದು. ರೈಲು ಕಂಪನಿಗಳಿಗೂ ಕೋಟಿಗಟ್ಟಲೆ ಎಕರೆ ಕೊಟ್ಟರು. ಪರಿಹಾರಕ್ಕೆ ದುಡ್ಡೂ ಇತ್ತು. 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡಿಸುವಾಗ ಸರಕಾರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತ್ತು. ಕೊಟ್ಟಿದ್ದು ಗುಲಾಮರಿಗಲ್ಲ, ಯಜಮಾನರಿಗೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಜಮೀನಿಲ್ಲದವರು ಹಳೇ ಧಣಿಯ ಹೊಲದಲ್ಲೇ ಪಾಲಿಗೆ ದುಡಿದರು. ಅಂಗಡಿ ಸಾಲ ತೀರುತ್ತಿರಲಿಲ್ಲ. ಬಿಟ್ಟು ಹೊರಟರೆ ಇನ್ನೊಂದು ಬಲೆ ಕಾದಿತ್ತು. ಗುಲಾಮಗಿರಿ ರದ್ದುಮಾಡಿದ ಸಂವಿಧಾನದ 13ನೇ ತಿದ್ದುಪಡಿಯಲ್ಲೇ ಒಂದು ಕಂಡಿ ಬಿಟ್ಟಿದ್ದರು: ಅಪರಾಧಕ್ಕೆ ಶಿಕ್ಷೆಯಾಗಿ ಬಿಟ್ಟಿ ದುಡಿಸಬಹುದು. ಕೆಲಸವಿಲ್ಲದೆ ಓಡಾಡುವುದೇ ಅಪರಾಧವಾಯಿತು. ಹಿಡಿದವನಿಗೆ ಸಣ್ಣ ದಂಡ, ಅದರ ಮೇಲೆ ಕೋರ್ಟು ಖರ್ಚು. ಕಟ್ಟಲಾಗದಿದ್ದರೆ ಅದನ್ನು ತಿಂಗಳುಗಳ ದುಡಿಮೆಗೆ ತಿರುಗಿಸಿ ಅವನನ್ನು ಗಣಿ ಕಂಪನಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ಸರಕಾರಕ್ಕೆ ಬರುತ್ತಿತ್ತು, ಕಲ್ಲಿದ್ದಲು ಕಂಪನಿಗೆ ಹೋಗುತ್ತಿತ್ತು. 1911ರ ಏಪ್ರಿಲ್‌ನಲ್ಲಿ ನಮ್ಮೂರಿನ ಹತ್ತಿರದ ಬ್ಯಾನರ್ ಗಣಿ ಸ್ಫೋಟಿಸಿ 128 ಜನ ಸತ್ತರು. ಬಹುಪಾಲು ಎಲ್ಲರೂ ಕೈದಿಗಳು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿಯ ತಪ್ಪು ಸಣ್ಣಪುಟ್ಟದ್ದು. ಅಲಬಾಮಾ ಈ ಬಾಡಿಗೆ ಪದ್ಧತಿ ನಿಲ್ಲಿಸಿದ್ದು 1928ರಲ್ಲಿ.

ಊರ ಮಧ್ಯೆ ಸ್ಲಾಸ್ ಕುಲುಮೆ ಇದೆ. 1882ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿ 1971ರಲ್ಲಿ ನಿಂತಿತು. ಈಗ ಮ್ಯೂಸಿಯಂ. ಕುಲುಮೆಯ ಬುಡದಲ್ಲಿ ಉದ್ದನೆಯ ಶೆಡ್ಡು. ಅಲ್ಲಿ ಮರಳಿನಲ್ಲಿ ಕಾಲುವೆ ಮಾಡಿ ಕರಗಿದ ಕಬ್ಬಿಣ ಹರಿಸುತ್ತಿದ್ದರು. ಅದು ಗಟ್ಟಿಯಾಗುತ್ತಿದ್ದಂತೆ, ಇನ್ನೂ ಬಿಸಿ ಇರುವಾಗಲೇ ಅದರ ಮೇಲೆ ನಿಂತು ಸುತ್ತಿಗೆಯಿಂದ ಒಡೆದು, ಒಂದೊಂದೇ ಗಟ್ಟಿಯನ್ನು ಎತ್ತಿ ವ್ಯಾಗನ್ನಿಗೆ ಹಾಕಬೇಕಿತ್ತು. ಈ ಕೆಲಸ ಮಾಡಿದವರು ಹೆಚ್ಚಾಗಿ ಕಪ್ಪು ಜನ. ಇವರಿಗೆ ಸಂಬಳವಿತ್ತು. ಕಂಪನಿ ಬಾಡಿಗೆ ಕೈದಿಗಳನ್ನು ದುಡಿಸಿದ್ದು ತನ್ನ ಕಲ್ಲಿದ್ದಲು ಗಣಿಯಲ್ಲಿ. ಕುಲುಮೆಯ ಆವರಣದಲ್ಲಿ ಸ್ನಾನದ ಮನೆಯೂ ಕಪ್ಪು ಜನರಿಗೆ ಬೇರೆ, ಬಿಳಿಯರಿಗೆ ಬೇರೆ.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಕರಾವಳಿ ನೆನಪಾಗುತ್ತದೆ. ಗುಲಾಮಗಿರಿಯೂ ಗೇಣಿಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಮ್ಮಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಡವೆಂದರೆ ಗದ್ದೆ ಬಿಡಬೇಕಾದ ಗೇಣಿದಾರ. ಸುಗ್ಗಿಯಾದ ಮೇಲೆ ಒಳ್ಳೆಯ ಅಕ್ಕಿಯನ್ನೇ ಮುಡಿ ಕಟ್ಟಿ ಧಣಿಗಳ ಮನೆಗೆ ಹೊರಬೇಕಿತ್ತು. ಮಳೆ ಕೈಕೊಟ್ಟರೂ ಗೇಣಿ ತಪ್ಪುತ್ತಿರಲಿಲ್ಲ. ದೇವರಾಜ ಅರಸರ ಸರಕಾರದ ಭೂ ಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರಕಾರದ ವಶಕ್ಕೆ ಬಂತು. ಉಳುವವನು 7ನೇ ನಂಬರ್ ಫಾರಂ ತುಂಬಿ ಡಿಕ್ಲರೇಷನ್ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ವಕೀಲರು ಅಲ್ಲಿ ವಾದಿಸುವ ಹಾಗಿರಲಿಲ್ಲ. ಹಾಗಾಗಿ ಧಣಿಯೂ ಒಕ್ಕಲೂ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕಿತ್ತು. ಓದು ಬಾರದ ನಮ್ಮಜ್ಜನಂಥವರಿಗೆ ಅದೆಷ್ಟು ದೊಡ್ಡ ಬಲ ಅಲ್ವಾ!

ಹಾಗೆ ಅಜ್ಜನ ಹೆಸರಿಗೆ ಬಂದ ಗದ್ದೆ ನಮ್ಮ ಮನೆಯ ಹಣೆಬರಹ ಬದಲಿಸಿತು. ದೊಡ್ಡಪ್ಪ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಕೆಲಸ ಮಾಡಿದರು. ಅಲ್ಲಿ ಸಂಬಳ ಸರಿಯಾಗಿ ಕೊಡಲಿಲ್ಲ. ಬಿಟ್ಟು ಊರಿಗೆ ಬಂದು, ಒಂದು ಬೆಳೆ ತೆಗೆದು, ಬೇರೆ ಕಡೆ ಕೆಲಸ ನೋಡಿಕೊಂಡರು. ಹಿಂದೆ ಗದ್ದೆ ಇದ್ದದ್ದರಿಂದ ‘ಒಲ್ಲೆ’ ಅನ್ನುವ ಧೈರ್ಯ ಬಂತು. ಬರ್ಮಿಂಗ್‌ಹ್ಯಾಮಿಗೆ ಬಂದ ಕಪ್ಪು ಕಾರ್ಮಿಕನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅವನು ಕೆಲಸ ಬಿಟ್ಟರೆ ಅಲೆಮಾರಿ ಅಂತ ಹಿಡಿಯುತ್ತಿದ್ದರು. ಇದರಿಂದ ಬಿಳಿ ಗಣಿಗಾರರಿಗೂ ಏಟು ಬಿತ್ತು. ಕೈದಿಗಳು ಅಗ್ಗಕ್ಕೆ ಸಿಗುವಾಗ ಮುಷ್ಕರಕ್ಕೆ ಯಾವ ಕಂಪನಿ ಬಗ್ಗುತ್ತದೆ?

ಆದರೆ ನಮ್ಮಲ್ಲೂ ಎಲ್ಲರಿಗೂ ಈ ಭಾಗ್ಯ ಬರಲಿಲ್ಲ. ಕಾಯ್ದೆ ಜಮೀನು ಕೊಟ್ಟಿದ್ದು ಒಕ್ಕಲಿಗೆ. ಆ ಒಕ್ಕಲಿನ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದ ದಲಿತರಿಗೆ ಅದು ಸಿಕ್ಕಿದ್ದು ತೀರಾ ಕಡಿಮೆ. 1976ರ ಕಾಯ್ದೆ ಜೀತವನ್ನು ರದ್ದುಮಾಡಿತು, ಸಾಲವನ್ನೂ ಮನ್ನಾ ಮಾಡಿತು. ಜೀತದಿಂದ ಹೊರಬಂದವರ ಪುನರ್ವಸತಿಗೆ 1978ರ ಯೋಜನೆಯಲ್ಲಿ ಇದ್ದದ್ದು 4 ಸಾವಿರ ರೂಪಾಯಿ. ಕರ್ನಾಟಕದಲ್ಲಿ 1865ಕ್ಕೆ ಹೋಲಿಸಬೇಕಾದದ್ದು ಇದನ್ನೇ. ನಮ್ಮ ಮನೆಯ ಏಳಿಗೆಯ ಕಥೆ ಹೇಳುವಾಗ, ನಮ್ಮ ಗದ್ದೆಯಲ್ಲೇ ನೇಜಿ ನೆಟ್ಟವರ ಮನೆಯ ಕಥೆಯನ್ನೂ ನಾವು ಹೇಳಬೇಕು.

ಒಂದು ವಿಷಯದಲ್ಲಿ ಮಾತ್ರ ಕರ್ನಾಟಕ ಅಮೆರಿಕ ಮಾಡದ್ದನ್ನು ಮಾಡಿತು. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋದರೆ ಅದನ್ನು ಮರಳಿ ಕೊಡಿಸುವ ಪಿಟಿಸಿಎಲ್ ಕಾಯ್ದೆಯನ್ನು 1978ರಲ್ಲಿ ತಂದಿತು. 2017ರಲ್ಲಿ ಸುಪ್ರೀಂ ಕೋರ್ಟು, ತುಂಬಾ ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲ ಎಂದಿತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದಿತು. ಇದು ನನಗೆ ಸರಿ ಕಾಣುತ್ತದೆ. ಬೆಂಗಳೂರಿನ ಸುತ್ತ ಸೈಟು ಕೊಳ್ಳುವ ಮಾತು ಇಲ್ಲಿನ ಕನ್ನಡಿಗರ ಕೂಟದಲ್ಲಿ ದಿನವೂ ಬರುತ್ತದೆ. ಕೊಳ್ಳುವವರು ಸುಮ್ನೆ ಈಗಿನ ಖಾತೆ ನೋಡಿ ಮುಂಗಡ ಕೊಡಬೇಡಿ. ಮೂಲ ಮಂಜೂರಾತಿ ಕಾಗದ ಕೇಳಿ. ಅದು ಪರಿಶಿಷ್ಟರಿಗೆ ಕೊಟ್ಟ ಜಮೀನಾಗಿದ್ದು, ಸರಕಾರದ ಅನುಮತಿ ಇಲ್ಲದೆ ಕೈಬದಲಾಗಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ.